40 ಪಿನ್ನುಗಳ ಮಾತು: ಹಳೇ ಕಂಪ್ಯೂಟರು ಕಟ್ಟುವವರು ಒಂದೇ ಬಸ್ಸಿಗೆ ಒಪ್ಪಿದ್ದು ಹೇಗೆ

ಎರಡು ವರ್ಷದ ಹಿಂದೆ, ಮಳೆಗಾಲದ ಒಂದು ಭಾನುವಾರ, ಕಾರವಾರದ ಗೆಳೆಯರೊಬ್ಬರು ದೇವಿಮನೆ ಘಟ್ಟ ಹತ್ತಿ ಶಿರಸಿಯ ನಮ್ಮ ಮನೆಗೆ ಬಂದರು. ಅವರ ಚೀಲದಲ್ಲಿ ಅಂಗೈ ಅಗಲದ ಒಂದು ಕಾರ್ಡು ಇತ್ತು. ಅದರ ಮೇಲೆ ಎವೈ-3-8910 ಅನ್ನುವ ಹಳೇ ಶಬ್ದದ ಚಿಪ್ಪು. ಒಟ್ಟಿಗೆ ಮೂರು ಸ್ವರ ಹೊರಡಿಸುವ ಈ ಚಿಪ್ಪು ಎಂಬತ್ತರ ದಶಕದ ಎಷ್ಟೋ ಆಟದ ಯಂತ್ರಗಳಲ್ಲಿ ಹಾಡಿದೆ. ಅವರು ಅದನ್ನು ಕೈಯಾರೆ ಬೆಸುಗೆ ಹಾಕಿ, ಝಡ್80 ಅನ್ನುವ ಹಳೇ ಪ್ರೊಸೆಸರ್ ಇಟ್ಟು ತಾವೇ ಕಟ್ಟಿದ ಕಂಪ್ಯೂಟರಿನಲ್ಲಿ ನುಡಿಸಿ ನೋಡಿ, ನನಗೆ ಕೇಳಿಸಲೆಂದೇ ತಂದಿದ್ದರು.

ನನ್ನದೂ ಝಡ್80 ಕಂಪ್ಯೂಟರೇ. ಅವರದ್ದು 5 ವೋಲ್ಟ್, ನನ್ನದೂ 5 ವೋಲ್ಟ್. ಅವರ ಕಾರ್ಡಿಗೆ 40 ಪಿನ್ನು, ನನ್ನ ಸ್ಲಾಟಿಗೂ 40 ಪಿನ್ನು. ಸರಿಯಾಗಿ ಕೂತಿತು. ಸ್ವಿಚ್ ಹಾಕಿದ ಎರಡು ಸೆಕೆಂಡಿಗೆ ಸುಟ್ಟ ವಾಸನೆ ಬಂತು.

ನನ್ನ ಸಾಲಿನ ಮೊದಲ ಪಿನ್ನು 5 ವೋಲ್ಟ್, ಎರಡನೆಯದು ಗ್ರೌಂಡ್, ಅಂದರೆ ಸೊನ್ನೆ ವೋಲ್ಟ್. ಅವರದ್ದು ಸರಿಯಾಗಿ ಉಲ್ಟಾ. ಕರೆಂಟು ಹಿಂದುಮುಂದಾಗಿ ಹರಿದು, ಹುಡುಕಿ ಹುಡುಕಿ ತರಿಸಿದ್ದ ಚಿಪ್ಪು ಸತ್ತಿತ್ತು. ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಇಬ್ಬರದ್ದೂ ತಪ್ಪಲ್ಲ ಮಾರಾಯ್ರೆ, ನಾವು ಮಾತಾಡಿಕೊಂಡಿಲ್ಲ ಅಷ್ಟೇ" ಅಂದರು. ಆ ಮಾತಿನಿಂದಲೇ ಶುರುವಾದ ಕೆಲಸದ ಬಗ್ಗೆ ಇಲ್ಲಿ ಬರೆಯುತ್ತಿದ್ದೇನೆ. ಬೇರೆ ಬೇರೆ ಊರಲ್ಲಿ ಕೂತು ಕಂಪ್ಯೂಟರು ಕಟ್ಟುವವರು ಒಂದು ಪದ್ಧತಿಗೆ ಒಪ್ಪುವುದು ಅಂದರೇನು? ಅದರಲ್ಲಿ ಯಾವುದನ್ನು ಗಟ್ಟಿ ಮಾಡಬೇಕು, ಯಾವುದನ್ನು ಸುಮ್ನೆ ಬಿಟ್ಟುಬಿಡಬೇಕು?

ಮೊದಲು ಯಂತ್ರದ ಬಗ್ಗೆ ಎರಡು ಮಾತು. ಝಡ್80 ಅನ್ನುವುದು 1976ರಲ್ಲಿ ಅಮೆರಿಕದ ಝೈಲಾಗ್ ಕಂಪನಿ ಹೊರತಂದ ಪ್ರೊಸೆಸರ್. ಅದಕ್ಕೂ ಮೊದಲು ಇಂಟೆಲ್‌ನಲ್ಲಿದ್ದ ಫೆಡೆರಿಕೋ ಫಾಜಿನ್ ಅಲ್ಲಿಂದ ಹೊರಬಂದು ಕಟ್ಟಿದ ಕಂಪನಿ ಅದು. ಈ ಚಿಪ್ಪು ಎಷ್ಟು ಕಾಲ ಬಾಳಿತು ಅಂದರೆ, 40 ಕಾಲಿನ ಝಡ್80 ತಯಾರಿಕೆ ನಿಲ್ಲಿಸುತ್ತೇವೆ ಅಂತ ಕಂಪನಿ ಹೇಳಿದ್ದು 2024ರ ಏಪ್ರಿಲ್‌ನಲ್ಲಿ. ಇವತ್ತಿನ ಪ್ರೊಸೆಸರಿನ ಒಳಗೆ ಏನು ನಡೆಯುತ್ತಿದೆ ಅಂತ ನಮ್ಮಂಥವರು ಮನೆಯಲ್ಲಿ ಕೂತು ನೋಡಲು ಆಗುವುದಿಲ್ಲ. ಝಡ್80ರಲ್ಲಿ ಆಗುತ್ತದೆ. ಅದರ ಹೆಜ್ಜೆಗೆ ತಾಳ ಹಾಕುವ ಕ್ಲಾಕನ್ನು ತೀರಾ ನಿಧಾನ ಮಾಡಿ, ಒಂದೊಂದು ಕಾಲಿಗೂ ಎಲ್‌ಇಡಿ ಕಟ್ಟಿ, ಅದು ಒಂದು ಸಂಖ್ಯೆಯನ್ನು ಮೆಮರಿಯಿಂದ ಓದುವುದನ್ನು ಕಣ್ಣಾರೆ ಕಾಣಬಹುದು. ನಾನು ಈ ಹವ್ಯಾಸಕ್ಕೆ ಅಂಟಿಕೊಂಡಿದ್ದೇ ಅದನ್ನು ನೋಡಿದ ರಾತ್ರಿ.

ಪ್ರೊಸೆಸರ್ ಒಂದೇ ಇದ್ದರೆ ಕಂಪ್ಯೂಟರ್ ಆಗುವುದಿಲ್ಲ, ಅಲ್ವಾ? ಮೆಮರಿ ಬೇಕು, ಕೀಬೋರ್ಡಿನ ಜೊತೆ ಮಾತಾಡುವ ಸೀರಿಯಲ್ ಚಿಪ್ಪು ಬೇಕು, ಸಂಗ್ರಹಕ್ಕೆ ಕಾರ್ಡು ಬೇಕು. ಎಲ್ಲವನ್ನೂ ಒಂದೇ ಬೋರ್ಡಿನ ಮೇಲೆ ಕೂರಿಸಬಹುದು. ಆದರೆ ಹಾಗೆ ಮಾಡಿದರೆ ಒಂದನ್ನು ಬದಲಿಸಲು ಎಲ್ಲವನ್ನೂ ಬದಲಿಸಬೇಕಾಗುತ್ತದೆ. ಅದಕ್ಕೇ ಒಂದೊಂದು ಕೆಲಸಕ್ಕೂ ಒಂದೊಂದು ಕಾರ್ಡು ಮಾಡಿ, ಕೆಳಗೆ ಉದ್ದದ ಒಂದು ಬೋರ್ಡಿನಲ್ಲಿ ಸಾಲಾಗಿ ಸ್ಲಾಟ್‌ಗಳನ್ನು ಇಟ್ಟು, ಎಲ್ಲ ಸ್ಲಾಟ್‌ಗಳ ಒಂದನೇ ಪಿನ್ನನ್ನು ಒಂದಕ್ಕೊಂದು, ಎರಡನೇ ಪಿನ್ನನ್ನು ಒಂದಕ್ಕೊಂದು ಜೋಡಿಸುತ್ತಾ ಹೋಗುತ್ತಾರೆ. ಈ ಉದ್ದದ ಬೋರ್ಡೇ ಬ್ಯಾಕ್‌ಪ್ಲೇನ್. ಅದರಲ್ಲಿ ಹರಿಯುವ ತಂತಿಗಳ ಕಟ್ಟಿಗೆ ಬಸ್ ಅಂತ ಹೆಸರು. ನಾವು ಹತ್ತುವ ಬಸ್ಸಿಗೂ ಇದಕ್ಕೂ ಹೆಸರು ಬಂದದ್ದು ಒಂದೇ ಲ್ಯಾಟಿನ್ ಪದದಿಂದ. ಓಮ್ನಿಬಸ್ ಅಂದರೆ ಎಲ್ಲರಿಗಾಗಿ ಇರುವುದು.

ಈ ತಂತಿಗಳ ಮೇಲೆ ಏನು ನಡೆಯುತ್ತದೆ ಅನ್ನುವುದಕ್ಕೆ ನಮ್ಮ ಜಿಲ್ಲೆಯವರಿಗೆ ತಾಳಮದ್ದಳೆಗಿಂತ ಒಳ್ಳೆಯ ಹೋಲಿಕೆ ನನಗೆ ಸಿಕ್ಕಿಲ್ಲ. ಅರ್ಥಧಾರಿಗಳೆಲ್ಲ ಎದುರುಬದುರು ಕೂತಿರುತ್ತಾರೆ. ಎಲ್ಲರಿಗೂ ಎಲ್ಲ ಕೇಳಿಸುತ್ತದೆ. ಆದರೆ ಒಂದು ಹೊತ್ತಿಗೆ ಮಾತಾಡುವವರು ಒಬ್ಬರೇ. ಬಸ್ಸಿನ 8 ಡೇಟಾ ತಂತಿಗಳೂ ಹೀಗೇ. ಮೆಮರಿ ಕಾರ್ಡು ಮಾತಾಡುವಾಗ ಸೀರಿಯಲ್ ಕಾರ್ಡು ತನ್ನ ಕಾಲುಗಳನ್ನು ತಂತಿಯಿಂದ ಪೂರ್ತಿ ಬಿಟ್ಟುಕೊಟ್ಟು ಕೂರಬೇಕು. ಇಬ್ಬರೂ ಒಮ್ಮೆಗೇ ಬಾಯಿ ತೆರೆದರೆ ಒಬ್ಬ ತಂತಿಯನ್ನು 5 ವೋಲ್ಟಿಗೆ ಎತ್ತುತ್ತಾನೆ, ಇನ್ನೊಬ್ಬ ಸೊನ್ನೆಗೆ ಎಳೆಯುತ್ತಾನೆ. ಚಿಪ್ಪು ಬಿಸಿಯಾಗುತ್ತದೆ, ಓದಿದ ಸಂಖ್ಯೆ ಹಾಳು. ಯಾರ ಸರದಿ ಅಂತ ಹೇಳುವುದು 16 ಅಡ್ರೆಸ್ ತಂತಿಗಳು. ಓದುವುದೋ ಬರೆಯುವುದೋ ಅನ್ನುವುದಕ್ಕೆ ಎರಡು ತಂತಿ, ಮೆಮರಿಯ ಜೊತೆಗೋ ಹೊರಗಿನ ಉಪಕರಣದ ಜೊತೆಗೋ ಅನ್ನುವುದಕ್ಕೆ ಇನ್ನೆರಡು.

ತಾಳ ಹಿಡಿಯುವ ಭಾಗವತರ ಜಾಗದಲ್ಲಿ ಕ್ಲಾಕ್ ಇದೆ. ನಾವು ಕೊನೆಗೆ ಒಪ್ಪಿದ ಪದ್ಧತಿಯಲ್ಲಿ ಅದು ಸೆಕೆಂಡಿಗೆ 73,72,800 ಸಲ ಬಡಿಯುತ್ತದೆ. ಇದೆಂಥ ವಿಚಿತ್ರ ಸಂಖ್ಯೆ, 70 ಲಕ್ಷವೋ 80 ಲಕ್ಷವೋ ಇಡಬಾರದಿತ್ತೇ ಅಂತ ನಮ್ಮ ಗುಂಪಿನ ಅಂಕೋಲೆಯ ಮೇಷ್ಟ್ರು ಕೇಳಿದ್ದರು. 64ರಿಂದ ಭಾಗಿಸಿ ನೋಡಿ. 1,15,200 ಬರುತ್ತದೆ. ಸೀರಿಯಲ್ ಕೇಬಲ್ಲಿನಲ್ಲಿ ಲ್ಯಾಪ್‌ಟಾಪಿನ ಜೊತೆ ಮಾತಾಡುವಾಗ ಬಳಸುವ ವೇಗ ಅದೇ. 68ಬಿ50 ಅನ್ನುವ ಸೀರಿಯಲ್ ಚಿಪ್ಪು ತಾನಾಗಿಯೇ 64ರಿಂದ ಭಾಗಿಸಬಲ್ಲದು. ಹಾಗಾಗಿ ಪ್ರೊಸೆಸರಿಗೂ ಸೀರಿಯಲ್ಲಿಗೂ ತಾಳ ಹುಟ್ಟಿಸಲು ಒಂದೇ ಕ್ರಿಸ್ಟಲ್ ಸಾಕು. ಒಬ್ಬರ ಅನುಕೂಲಕ್ಕೆ ಆರಿಸಿದ ಸಂಖ್ಯೆ ಎಲ್ಲರ ತಾಳ ಆಯಿತು.

ನಾವು ನಾಲ್ಕು ಜನ ಮೊದಲ ಸಲ ಕೂತದ್ದು ಕುಮಟೆಯಲ್ಲಿ, ಮೂವತ್ತು ವರ್ಷ ರೇಡಿಯೋ, ಟಿವಿ ರಿಪೇರಿ ಮಾಡಿದ ಹಿರಿಯರೊಬ್ಬರ ಮನೆಯ ಜಗಲಿಯಲ್ಲಿ. ಶಿರಸಿಯಿಂದ ಇಳಿಯುವವರಿಗೂ ಕಾರವಾರದಿಂದ ಬರುವವರಿಗೂ ಅದು ನಡುವೆ. ನಾಲ್ಕು ಜನರೂ ತಮ್ಮ ತಮ್ಮ ಪಿನ್ನಿನ ಪಟ್ಟಿ ಬರೆದುಕೊಂಡು ಹೋಗಿದ್ದೆವು. ಎಲ್ಲರ ಪಟ್ಟಿಗೂ ಒಳ್ಳೆಯ ಕಾರಣವಿತ್ತು. ನಾನು ಎರಡು ಡೇಟಾ ತಂತಿಗಳ ನಡುವೆ ಒಂದೊಂದು ಗ್ರೌಂಡ್ ಇಟ್ಟಿದ್ದೆ. ಒಂದು ತಂತಿಯ ಗಲಾಟೆ ಪಕ್ಕದ್ದಕ್ಕೆ ತಾಗಬಾರದು ಅಂತ. ಅದಕ್ಕಾಗಿ ತಿಂಗಳುಗಟ್ಟಲೆ ಓದಿದ್ದೆ. ಸಂಜೆಯವರೆಗೂ ಮಾತಾಡಿದರೂ ಒಬ್ಬರ ಪಟ್ಟಿಗೆ ಇನ್ನೊಬ್ಬರು ಒಪ್ಪಲಿಲ್ಲ.

ನಮಗಿಂತ ಮೊದಲು ಇದೇ ಜಗಳ ಆಡಿದವರ ಕಥೆಯನ್ನು ಆ ಹಿರಿಯರು ಹೇಳಿದ್ದು ಆಗ. 1975ರಲ್ಲಿ ಅಮೆರಿಕದ ಮಿಟ್ಸ್ ಅನ್ನುವ ಸಣ್ಣ ಕಂಪನಿ ಆಲ್ಟೇರ್ 8800 ಅನ್ನುವ ಕಂಪ್ಯೂಟರನ್ನು ಬಿಡಿಭಾಗಗಳ ಕಿಟ್ ಆಗಿ ಮಾರಿತು. ಅದರಲ್ಲಿ 100 ಪಿನ್ನಿನ ಸ್ಲಾಟ್‌ಗಳಿದ್ದವು. ಇದು ಲೋಕಕ್ಕೆಲ್ಲ ಮಾದರಿಯಾಗಲಿ ಅಂತ ಯಾರೂ ಯೋಚಿಸಿ ಮಾಡಿದ್ದಲ್ಲ. ಕಂಪನಿಗೆ ಬೇಕಾದ ಹಾಗೆ ಪಿನ್ನುಗಳನ್ನು ಹಂಚಿದ್ದರು, ಅಷ್ಟೇ. ಒಂದನೇ ಪಿನ್ನಿನಲ್ಲಿ 8 ವೋಲ್ಟ್, ಪಕ್ಕದ ಎರಡನೆಯದರಲ್ಲಿ 16 ವೋಲ್ಟ್. ಕಾರ್ಡು ಒಂಚೂರು ಓರೆಯಾದರೆ ಎರಡೂ ತಾಗುತ್ತಿತ್ತು. ಡೇಟಾ ಒಳಗೆ ಬರಲು 8 ತಂತಿ, ಹೊರಗೆ ಹೋಗಲು ಬೇರೆಯೇ 8 ತಂತಿ.

ಇಷ್ಟೆಲ್ಲ ಕೊರತೆ ಇದ್ದರೂ ಅದು ಗೆದ್ದಿತು. ಯಾಕೆಂದರೆ ಜನರ ಮನೆಯಲ್ಲಿ ಆಗಲೇ ಆ ಸ್ಲಾಟ್‌ಗಳು ಇದ್ದವು. ಬೇರೆ ಕಂಪನಿಗಳು ಅದಕ್ಕೆ ಕೂರುವ ಮೆಮರಿ ಕಾರ್ಡು ಮಾಡಿ ಮಾರಿದವು. ಇಮ್ಸಾಯ್ ಅನ್ನುವ ಕಂಪನಿ ಅದೇ ಸ್ಲಾಟ್ ಇಟ್ಟು ಇಡೀ ಕಂಪ್ಯೂಟರನ್ನೇ ಮಾಡಿತು. ಎಲ್ಲರೂ ಅದನ್ನು ಎಸ್-100 ಅಂತ ಕರೆಯತೊಡಗಿದರು. ಆದರೆ ಕಾಗದದ ಮೇಲೆ ಎಲ್ಲೂ ಖಚಿತವಾಗಿ ಬರೆದಿರಲಿಲ್ಲ. ಖಾಲಿ ಬಿಟ್ಟಿದ್ದ ಪಿನ್ನುಗಳನ್ನು ಒಬ್ಬೊಬ್ಬರು ಒಂದೊಂದಕ್ಕೆ ಬಳಸಿಕೊಂಡರು. ಒಂದು ಕಂಪನಿಯ ಕಾರ್ಡು ಇನ್ನೊಂದರ ಪೆಟ್ಟಿಗೆಯಲ್ಲಿ ಕೂರುತ್ತಿತ್ತು, ಆದರೆ ಓಡುತ್ತದೆ ಅನ್ನುವ ಖಾತ್ರಿ ಇರಲಿಲ್ಲ. ಕೊನೆಗೆ ಅದು ಐಇಇಇ 696 ಅನ್ನುವ ಹೆಸರಲ್ಲಿ ಅಧಿಕೃತ ಮಾನದಂಡವಾದದ್ದು 1983ರಲ್ಲಿ. ಅಷ್ಟರಲ್ಲಿ 1981ರಲ್ಲಿ ಬಂದ ಐಬಿಎಂ ಪಿಸಿ ಮಾರುಕಟ್ಟೆಯನ್ನು ಹಿಡಿದಾಗಿತ್ತು.

ಅದೇ 1983ರಲ್ಲಿ ಜಪಾನಿನಲ್ಲಿ ಇನ್ನೊಂದು ದಾರಿ ಹಿಡಿದರು. ಆಸ್ಕಿ ಕಂಪನಿಯ ಕಜುಹಿಕೋ ನಿಶಿ ಮತ್ತು ಮೈಕ್ರೋಸಾಫ್ಟ್ ಸೇರಿ ಎಂಎಸ್‌ಎಕ್ಸ್ ಅನ್ನುವ ಪದ್ಧತಿ ಪ್ರಕಟಿಸಿದರು. ಪ್ರೊಸೆಸರ್ ಝಡ್80, ಶಬ್ದಕ್ಕೆ ಎವೈ-3-8910, ಕಾರ್ಟ್ರಿಜ್ ಸ್ಲಾಟಿಗೆ 50 ಪಿನ್ನು. ಮೊದಲೇ ಬರೆದು, ಆಮೇಲೆ ಯಂತ್ರ ಮಾಡಿದ್ದು. ಸೋನಿ, ಯಮಾಹಾ, ಫಿಲಿಪ್ಸ್ ಎಲ್ಲ ಅದೇ ಪ್ರಕಾರ ಕಂಪ್ಯೂಟರು ಮಾಡಿದರು. ಅದು ದೊಡ್ಡ ಕಂಪನಿಗಳ ದಾರಿ. ನಮ್ಮಂಥವರಿಗೆ ಅದರಿಂದ ಕಲಿಯಲು ಇದ್ದದ್ದು ಒಂದೇ, ಬರೆದಿಡುವುದು.

ನಾವು ಮಾಡಿದ್ದು ಇಷ್ಟು. ನಾಲ್ಕೂ ಪಟ್ಟಿಗಳನ್ನು ಪಕ್ಕಕ್ಕಿಟ್ಟೆವು. ಜಗತ್ತಿನಲ್ಲಿ ಆಗಲೇ ಬಳಕೆಯಲ್ಲಿರುವ ಒಂದನ್ನು ತೆಗೆದುಕೊಂಡೆವು. ಬ್ರಿಟನ್ನಿನ ಸ್ಪೆನ್ಸರ್ ಓವೆನ್ ಮಾಡಿದ ಆರ್‌ಸಿ2014 ಅನ್ನುವ ಝಡ್80 ಕಿಟ್ ಇದೆ. 2014ರ ರೆಟ್ರೋ ಚಾಲೆಂಜ್ ಅನ್ನುವ ಹವ್ಯಾಸಿಗಳ ಸ್ಪರ್ಧೆಯಿಂದ ಅದಕ್ಕೆ ಆ ಹೆಸರು. ಅದರ ಬಸ್ಸಿಗೆ ಕೂರುವ ಕಾರ್ಡುಗಳನ್ನು ಬೇರೆ ಬೇರೆ ದೇಶದವರು ಮಾಡಿದ್ದಾರೆ. ಆ ಬಸ್ಸನ್ನೇ ಬೆಳೆಸಿ, ಆರ್‌ಸಿಬಸ್ ಅನ್ನುವ ಪ್ರತ್ಯೇಕ ಹೆಸರಲ್ಲಿ ವಿವರವಾಗಿ ಬರೆದಿಟ್ಟೂ ಇದ್ದಾರೆ. ಒಂದೇ ಸಾಲಿನಲ್ಲಿ 40 ಪಿನ್ನು, ಪಿನ್ನಿಂದ ಪಿನ್ನಿಗೆ 2.54 ಮಿಲಿಮೀಟರು. ಇದು ಎಲ್ಲ ಕಡೆ ಸಿಗುವ ಅಗ್ಗದ ಪಿನ್ ಸಾಲು. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಯಾವ ಅಂಗಡಿಯಲ್ಲಿ ಕೇಳಿದರೂ ಕೊಡುತ್ತಾರೆ. ಮೊದಲ 16 ಪಿನ್ನು ಅಡ್ರೆಸ್. 17ನೆಯದು ಗ್ರೌಂಡ್, 18ನೆಯದು 5 ವೋಲ್ಟ್. 27ರಿಂದ 34ರವರೆಗೆ ಡೇಟಾ. ಕೊನೆಯ ನಾಲ್ಕು ಬಳಸುವವರ ಇಷ್ಟಕ್ಕೆ ಬಿಟ್ಟದ್ದು.

ಇದರಲ್ಲೂ ಕೊರತೆ ಇದೆ. ಗ್ರೌಂಡೂ 5 ವೋಲ್ಟೂ ಅಕ್ಕಪಕ್ಕ ಕೂತಿವೆ. ಕಾರ್ಡನ್ನು ಒಂದೇ ಒಂದು ಪಿನ್ನು ಜಾರಿಸಿ ಸಿಕ್ಕಿಸಿದರೆ ಗ್ರೌಂಡ್ ಇರಬೇಕಾದ ಕಡೆ 5 ವೋಲ್ಟ್ ಬರುತ್ತದೆ. ಚಿಪ್ಪು ಕಳೆದುಕೊಂಡ ಕಾರವಾರದ ಗೆಳೆಯರು ಇದನ್ನು ನೋಡಿ ಬಹಳ ಬೇಸರ ಮಾಡಿಕೊಂಡರು. ಎರಡು ಪಿನ್ನು ಆ ಕಡೆ ಈ ಕಡೆ ಮಾಡೋಣ, ಅಷ್ಟೇ ಅಲ್ವಾ ಅಂದರು. ನನಗೂ ಹಾಗೇ ಅನಿಸಿತ್ತು. ಆದರೆ ಆ ಎರಡು ಪಿನ್ನು ಬದಲಿಸಿದ ಕ್ಷಣ ಹೊರಗಿನ ಯಾವ ಕಾರ್ಡೂ ನಮ್ಮಲ್ಲಿ ಓಡುವುದಿಲ್ಲ, ನಮ್ಮ ಯಾವ ಕಾರ್ಡೂ ಹೊರಗೆ ಓಡುವುದಿಲ್ಲ. ಹೆಚ್ಚು ಒಳ್ಳೆಯ ಬಸ್ಸಿನಲ್ಲಿ ನಾವು ನಾಲ್ಕೇ ಜನ ಕೂತಿರುತ್ತೇವೆ. ಅದಕ್ಕೆ ಪಿನ್ನನ್ನು ಮುಟ್ಟಲಿಲ್ಲ. ಬದಲಿಗೆ ಬ್ಯಾಕ್‌ಪ್ಲೇನಿನ ಎರಡೂ ತುದಿಗೆ ಕಾರ್ಡು ಜಾರದ ಹಾಗೆ ಪ್ಲಾಸ್ಟಿಕ್ ತಡೆ ಇಟ್ಟೆವು, ಪ್ರತಿ ಕಾರ್ಡಿನಲ್ಲೂ ಒಂದನೇ ಪಿನ್ನಿನ ಪಕ್ಕ ದಪ್ಪ ಬಿಳಿ ಗೆರೆ ಇರಲೇಬೇಕು ಅಂತ ಬರೆದೆವು. ಡೇಟಾ ತಂತಿಗಳ ನಡುವಿನ ನನ್ನ ಗ್ರೌಂಡುಗಳೂ ಅಲ್ಲಿಗೆ ಹೋದವು. ಇವತ್ತಿಗೂ ಅದು ಒಳ್ಳೆಯ ವಿಚಾರವೇ ಅಂತ ನನ್ನ ನಂಬಿಕೆ. ಆದರೂ ಬಿಟ್ಟುಕೊಟ್ಟದ್ದು ಸರಿ.

ಪಿನ್ನಿನ ಪಟ್ಟಿ ಒಂದಾದರೆ ಎಲ್ಲ ಮುಗಿಯಿತು ಅಂದುಕೊಂಡಿದ್ದೆವು. ಹಾಗಾಗಲಿಲ್ಲ. ಕುಮಟೆಯ ಮೆಮರಿ ಕಾರ್ಡು ಅವರ ಮನೆಯಲ್ಲಿ ಚೆನ್ನಾಗಿ ಓಡಿ, ನಮ್ಮಲ್ಲಿ ಹತ್ತು ನಿಮಿಷಕ್ಕೊಮ್ಮೆ ತಪ್ಪು ಓದುತ್ತಿತ್ತು. ಹುಡುಕಿದಾಗ ತಿಳಿಯಿತು, ನನ್ನದು ಎನ್‌ಮಾಸ್ ಅನ್ನುವ ಹಳೇ ತಂತ್ರದಲ್ಲಿ ಮಾಡಿದ ಝಡ್80. ಅದು ತಂತಿಯ ಮೇಲೆ 'ಸೊನ್ನೆ' ಅಲ್ಲ, 'ಒಂದು' ಅಂತ ಹೇಳುವಾಗ ಕನಿಷ್ಠ 2.4 ವೋಲ್ಟ್ ಕೊಡುತ್ತೇನೆ ಅಂತ ಮಾತ್ರ ಮಾತು ಕೊಟ್ಟಿದೆ. ಅವರ ಕಾರ್ಡಿನಲ್ಲಿ 74ಎಚ್‌ಸಿ ಜಾತಿಯ ಚಿಪ್ಪು. ಅದಕ್ಕೆ ಸುಮಾರು 3.5 ವೋಲ್ಟ್ ಬಂದರೆ ಮಾತ್ರ 'ಒಂದು' ಅನ್ನುವುದು ಖಚಿತ. ನಡುವಿನ ಆ ಒಂದು ವೋಲ್ಟ್ ಚಿಲ್ಲರೆ ಅದೃಷ್ಟದ ಮೇಲೆ ನಿಂತಿತ್ತು. ಅದೇ ಚಿಪ್ಪಿನ 74ಎಚ್‌ಸಿಟಿ ಜಾತಿಗೆ 2 ವೋಲ್ಟ್ ಸಾಕು. ಹೆಸರಿನಲ್ಲಿ ಒಂದೇ ಅಕ್ಷರದ ವ್ಯತ್ಯಾಸ.

ಶಿರಸಿಯ ಅಡಿಕೆ ವ್ಯಾಪಾರದಲ್ಲಿ 'ಒಳ್ಳೇ ಅಡಿಕೆ' ಅಂದರೆ ಯಾರೂ ದರ ಹೇಳುವುದಿಲ್ಲ. ಚಾಲಿಯೋ ರಾಶಿಯೋ, ಬೆಟ್ಟೆಯೋ ಕೋಕವೋ ಅಂತ ಹೇಳಬೇಕು. ಆ ಹೆಸರು ಕೇಳಿದ ಕೂಡಲೇ ಬೆಳೆದವನ ಕಣ್ಣೆದುರೂ ಕೊಳ್ಳುವವನ ಕಣ್ಣೆದುರೂ ಒಂದೇ ಅಡಿಕೆ ಬರುತ್ತದೆ. ನಮ್ಮ '5 ವೋಲ್ಟಿನ ಕಾರ್ಡು' ಅನ್ನುವ ಮಾತು 'ಒಳ್ಳೇ ಅಡಿಕೆ' ಅಂದ ಹಾಗಿತ್ತು. ಈಗ ಬಸ್ಸಿಗೆ ತಾಗುವ 74 ಸರಣಿಯ ಪ್ರತಿ ಚಿಪ್ಪೂ ಎಚ್‌ಸಿಟಿ ಜಾತಿಯದ್ದೇ ಇರಬೇಕು ಅಂತ ಬರೆದಿದ್ದೇವೆ. ಮೆಮರಿಯ ವೇಗವನ್ನೂ ಬರೆದಿದ್ದೇವೆ. ನಮ್ಮ ಕ್ಲಾಕಿನ ಒಂದು ಬಡಿತ ಸುಮಾರು 136 ನ್ಯಾನೋಸೆಕೆಂಡು. ಮೊದಲ ಝಡ್80ಗಳ 2.5 ಮೆಗಾಹರ್ಟ್ಸ್ ವೇಗದಲ್ಲಿ ಆರಾಮಾಗಿ ಉತ್ತರ ಕೊಡುತ್ತಿದ್ದ 250 ನ್ಯಾನೋಸೆಕೆಂಡಿನ ಈಪ್ರಾಮ್ ಅನ್ನುವ ಮೆಮರಿ ಚಿಪ್ಪು ಇಲ್ಲಿ ಹಿಂದೆ ಬೀಳುತ್ತದೆ.

ಇನ್ನು ಪೋರ್ಟ್ ಸಂಖ್ಯೆಗಳ ವಿಷಯ. ಜಾಸ್ತಿ ಜಗಳ ಆಗಿದ್ದೂ ಇಲ್ಲೇ. ಮೆಮರಿ ಅಲ್ಲದ ಉಪಕರಣಗಳಿಗೆ ಸಾಮಾನ್ಯ ಬಳಕೆಯಲ್ಲಿ ಝಡ್80 ಕೊಡುವುದು 256 ಸಂಖ್ಯೆ. ಇವು ನಮ್ಮ ಜಮೀನಿನ ಸರ್ವೆ ನಂಬರ್ ಇದ್ದ ಹಾಗೆ. ಒಂದು ನಂಬರಿಗೆ ಇಬ್ಬರು ಯಜಮಾನರಿದ್ದರೆ ಇಬ್ಬರೂ ಒಟ್ಟಿಗೆ ಉತ್ತರಿಸಿ ಗಲಾಟೆಯಾಗುತ್ತದೆ. ಆರ್‌ಸಿ2014ರ ಮೊದಲಿನ ಸೀರಿಯಲ್ ಕಾರ್ಡು ನೋಡಿ. 68ಬಿ50 ಚಿಪ್ಪಿಗೆ ಬೇಕಾದದ್ದು ಎರಡೇ ನಂಬರು. ಆದರೆ ಆ ಕಾರ್ಡು ಅಡ್ರೆಸ್‌ನ ಮೇಲಿನ ಎರಡು ಬಿಟ್ ಮಾತ್ರ ನೋಡಿ 'ಇದು ನನಗೆ' ಅಂತ ತೀರ್ಮಾನಿಸುತ್ತದೆ. ಹಾಗಾಗಿ 128ರಿಂದ 191ರವರೆಗೆ ಪೂರಾ 64 ನಂಬರೂ ಅದರ ಪಾಲು. 64 ಗುಂಟೆಗೆ ಬೇಲಿ ಹಾಕಿ, ಎರಡು ಗುಂಟೆಯಲ್ಲಿ ಮನೆ ಕಟ್ಟಿದ ಹಾಗೆ. ಇದನ್ನು ದಡ್ಡತನ ಅಂತ ಯಾರೂ ತಿಳಿಯಬಾರದು. ಆ ಚಿಪ್ಪಿಗೆ ತನ್ನನ್ನು ಕರೆಯಲು ಮೂರು ಕಾಲುಗಳಿವೆ. ಅವಕ್ಕೆ ನೇರವಾಗಿ ತಂತಿ ಕೊಟ್ಟರೆ ನಂಬರು ಗುರುತಿಸಲು ಬೇರೆ ಚಿಪ್ಪೇ ಬೇಡ. ಒಬ್ಬರೇ ಇದ್ದಾಗ ಅದು ಜಾಣ ಉಳಿತಾಯ. ಹತ್ತು ಕಾರ್ಡು ಬಂದಾಗ ಜಾಗ ಸಾಲುವುದಿಲ್ಲ.

ಹಾಗಾಗಿ ಹೊಸ ಕಾರ್ಡುಗಳು ತಮಗೆ ಬೇಕಾದಷ್ಟೇ ನಂಬರು ಹಿಡಿಯಬೇಕು, ಜಂಪರ್ ಅನ್ನುವ ಕಿತ್ತು ಸಿಕ್ಕಿಸಬಹುದಾದ ಸಣ್ಣ ಕೊಂಡಿ ಬದಲಿಸಿ ಬೇರೆ ನಂಬರಿಗೆ ಹೋಗುವ ದಾರಿಯೂ ಇರಬೇಕು ಅಂತ ಒಪ್ಪಿದೆವು. ಯಾರಿಗೆ ಯಾವ ನಂಬರು ಅಂತ ಮೇಷ್ಟ್ರು ಒಂದು ಉದ್ದದ ಪುಸ್ತಕದಲ್ಲಿ ಬರೆಯುತ್ತಾರೆ. ಹೊಸ ಕಾರ್ಡು ಮಾಡುವವರು ಬೋರ್ಡು ಮಾಡಿಸಲು ಕಳಿಸುವ ಮೊದಲು ಅವರಿಗೆ ಒಂದು ಫೋನ್ ಮಾಡಬೇಕು.

ಇಂಟರಪ್ಟ್ ತಂತಿ ಸಣ್ಣ ವಿಷಯ, ಆದರೆ ಹೇಳಲೇಬೇಕು. ಹಿಂದಿನ ಬಸ್ಸುಗಳಲ್ಲಿ ಕಂಡಕ್ಟರ್ ಎಳೆಯುವ ಹಗ್ಗ ಇರುತ್ತಿತ್ತಲ್ಲ, ಇದು ಅದೇ. ಯಾವ ಕಾರ್ಡು ಬೇಕಾದರೂ ಎಳೆದು ಪ್ರೊಸೆಸರನ್ನು ಕರೆಯಬಹುದು. ಆದರೆ ಎಳೆಯಬಹುದೇ ಹೊರತು ಯಾರೂ ಅದನ್ನು ಮೇಲಕ್ಕೆ ಬಿಗಿಹಿಡಿಯಬಾರದು. ಹಿಡಿದರೆ ಇನ್ನೊಬ್ಬ ಎಳೆದದ್ದು ಡ್ರೈವರಿಗೆ ಮುಟ್ಟುವುದಿಲ್ಲ. ಹಗ್ಗವನ್ನು ಮೊದಲಿನ ಜಾಗಕ್ಕೆ ತರುವ ರೆಸಿಸ್ಟರು ಸಿಪಿಯು ಕಾರ್ಡಿನಲ್ಲಿ ಒಂದೇ ಇರಲಿ, ಬೇರೆ ಕಡೆ ಬೇಡ.

ಕೊನೆಯ ನಾಲ್ಕು ಇಷ್ಟದ ಪಿನ್ನುಗಳನ್ನು ಏನು ಮಾಡಬೇಕು ಅನ್ನುವುದಕ್ಕೆ ಎರಡು ಭೇಟಿ ಹಿಡಿಯಿತು. ಎಲ್ಲರೂ 37ನೆಯದನ್ನು ಆಗಲೇ ಬಳಸಿಬಿಟ್ಟಿದ್ದೆವು, ಒಬ್ಬೊಬ್ಬರು ಒಂದೊಂದಕ್ಕೆ. ಎಸ್-100 ಕೆಟ್ಟದ್ದೂ ಇಂಥ ಖಾಲಿ ಪಿನ್ನುಗಳಿಂದಲೇ. ನಾಲ್ಕಕ್ಕೂ ಕೆಲಸ ಹಂಚಿಬಿಡೋಣ ಅನ್ನುವುದು ನನ್ನ ವಾದವಾಗಿತ್ತು. ರೇಡಿಯೋ ರಿಪೇರಿಯ ಹಿರಿಯರು ಬೇಡ ಅಂದರು. "ತಮಾ, ಇವತ್ತು ನಮಗೆ ಹೊಳೆಯದ್ದು ನಾಳೆ ಯಾರಿಗೋ ಹೊಳೆಯುತ್ತದೆ. ಜಾಗ ಇಡು. ಆದರೆ ಬಾಗಿಲು ಇಡು" ಅಂದರು. ಅವರ ಮಾತೇ ಉಳಿಯಿತು. ಆ ನಾಲ್ಕು ಪಿನ್ನಿಗೆ ಕಾರ್ಡಿನಿಂದ ಹೋಗುವ ಪ್ರತಿ ತಂತಿಯೂ ಜಂಪರ್ ಮೂಲಕವೇ ಹೋಗಬೇಕು. ಬೇಡವಾದಾಗ ತೆಗೆದಿಟ್ಟರೆ ಸಂಬಂಧ ಕಡಿಯಿತು.

ಕರಾವಳಿಯ ಹವೆಗೆ ಅಂತಲೇ ಒಂದು ಸಾಲು ಸೇರಿಸಿದೆವು. ಕಾರವಾರದಲ್ಲಿ ಸಮುದ್ರದ ಉಪ್ಪುಗಾಳಿಗೆ ತವರ ಲೇಪದ ಪಿನ್ನು ಒಂದೇ ಮಳೆಗಾಲದಲ್ಲಿ ಮಂಕಾಗುತ್ತದೆ. ಚಿನ್ನದ ತೆಳು ಲೇಪ ಇರುವ ಪಿನ್ನು ತಡೆಯುತ್ತದೆ. ಆದರೆ ಚಿನ್ನದ ಪಿನ್ನನ್ನು ತವರದ ಸಾಕೆಟ್ಟಿಗೆ ಸಿಕ್ಕಿಸಿದರೆ ಆ ಜೋಡಿ ಇನ್ನೂ ಬೇಗ ಹಾಳು. ಎರಡೂ ಕಡೆ ಒಂದೇ ಲೋಹ ಇರಬೇಕು.

ಇದೆಲ್ಲ ಸೇರಿ ನಮ್ಮ ಪತ್ರ ಎರಡು ಹಾಳೆ ಆಗಿದೆ. ಕಾರ್ಡಿನ ಎತ್ತರ ಎಷ್ಟು, ಬಣ್ಣ ಯಾವುದು, ಯಾವ ಸಾಫ್ಟ್‌ವೇರ್ ಓಡಿಸಬೇಕು ಅನ್ನುವುದು ಅದರಲ್ಲಿ ಇಲ್ಲ. ಬೇಕಂತಲೇ ಬಿಟ್ಟದ್ದು. ಒಬ್ಬರು ಬೇಸಿಕ್ ಭಾಷೆ ಓಡಿಸುತ್ತಾರೆ, ಇನ್ನೊಬ್ಬರು ಗ್ಯಾರಿ ಕಿಲ್ಡಾಲ್ ಬರೆದ ಸಿಪಿ/ಎಂ ಅನ್ನುವ ಹಳೇ ಆಪರೇಟಿಂಗ್ ಸಿಸ್ಟಮ್ ಓಡಿಸುತ್ತಾರೆ. ಬಸ್ಸಿಗೆ ಅದರಿಂದ ಏನೂ ಆಗಬೇಕಿಲ್ಲ.

ಕಳೆದ ಬೇಸಿಗೆಯಲ್ಲಿ ಸಿದ್ದಾಪುರದ ಒಬ್ಬ ಪಿಯುಸಿ ಹುಡುಗಿ ಒಂದು ಕಾರ್ಡು ತಂದಳು. ಎಂಟು ಎಲ್‌ಇಡಿ, ಎಂಟು ಗುಂಡಿ. ನಮ್ಮ ಯಾವ ಕಂಪ್ಯೂಟರನ್ನೂ ಅವಳು ಅದಕ್ಕೆ ಮೊದಲು ನೋಡಿರಲಿಲ್ಲ. ಎರಡು ಹಾಳೆ ಓದಿ, ಮೇಷ್ಟ್ರಿಗೆ ಫೋನ್ ಮಾಡಿ ನಂಬರು ತೆಗೆದುಕೊಂಡು ಮಾಡಿದ್ದು. ಬಿಳಿ ಗೆರೆ ಎಲ್ಲಿರಬೇಕೋ ಅಲ್ಲೇ ಇತ್ತು. ಕಾರವಾರದ ಗೆಳೆಯರೇ ಅದನ್ನು ಸ್ಲಾಟಿಗೆ ಇಳಿಸಿ ಸ್ವಿಚ್ ಹಾಕಿದರು. ಎಂಟೂ ದೀಪ ಒಂದೊಂದಾಗಿ ಹತ್ತುತ್ತಾ ಹೋದವು.

ಆಮೇಲೆ ಅವಳು ಒಂದು ಪ್ರಶ್ನೆ ಕೇಳಿದಳು. "ಈ ಬಸ್ಸಿಗೆ ಒಟ್ಟು ಎಷ್ಟು ಕಾರ್ಡು ಹಾಕಬಹುದು? ಹಾಳೆಯಲ್ಲಿ ಇಲ್ಲ." ನಿಜ, ಇರಲಿಲ್ಲ. ಕಾರ್ಡು ಸೇರಿದಷ್ಟೂ ತಂತಿಯ ಮೇಲೆ ಭಾರ ಬೀಳುತ್ತದೆ, ಸಿಗ್ನಲ್ ಏರುವುದು ಇಳಿಯುವುದು ನಿಧಾನವಾಗುತ್ತದೆ, ಒಂದು ಹಂತದಲ್ಲಿ 136 ನ್ಯಾನೋಸೆಕೆಂಡಿನ ತಾಳ ತಪ್ಪುತ್ತದೆ. ಆ ಹಂತ ಎಲ್ಲಿ ಅಂತ ನಾವು ಯಾರೂ ಅಳೆದಿರಲಿಲ್ಲ. ಈಗ ಕುಮಟೆಯ ಜಗಲಿಯಲ್ಲಿ ಹನ್ನೆರಡು ಸ್ಲಾಟಿನ ಬ್ಯಾಕ್‌ಪ್ಲೇನ್ ಇಟ್ಟು, ಒಂದೊಂದೇ ಕಾರ್ಡು ಸೇರಿಸುತ್ತಾ, ವೋಲ್ಟಿನ ಏರಿಳಿತ ತೋರಿಸುವ ಆಸಿಲೋಸ್ಕೋಪಿನಲ್ಲಿ ನೋಡಿ ಅಳೆಯುತ್ತಿದ್ದೇವೆ. ಸಿಕ್ಕ ಸಂಖ್ಯೆಯನ್ನು ಮೂರನೇ ಹಾಳೆಯ ಮೊದಲ ಸಾಲಿನಲ್ಲಿ ಬರೆಯುವ ಕೆಲಸ ಅವಳಿಗೇ ವಹಿಸಿದ್ದೇವೆ.